ಕೆರೆಯ ಏರಿಯೂ ಕಿವಿಯ ಗುಂಡಿಯೂ

ವೈದ್ಯರು ನಮಗೆ ನಡಿಗೆಯನ್ನು ವಿಧಿಸಿದ ದಿನವೇ ಮನೆಯಲ್ಲಿ ಕಿವಿಗುಂಡಿಯ ಮಾತು ಹುಟ್ಟಿತೆಂದು ಹೇಳಬೇಕು. ರಕ್ತದಲ್ಲಿ ಸಕ್ಕರೆಯ ಅಂಶವು ಮೇರೆಮೀರಿತ್ತು. ಪ್ರತಿದಿನವೂ ಮುಕ್ಕಾಲು ಗಂಟೆ ಬಿರುಸಾಗಿ ನಡೆಯತಕ್ಕದ್ದೆಂದು ಅಪ್ಪಣೆಯಾಯಿತು. ನಾವಿರುವುದು ಜಕ್ಕೂರಿನ ಬಡಾವಣೆಯೊಂದರಲ್ಲಿ. ಕೆರೆಯು ಸಮೀಪದಲ್ಲಿಯೇ ಇದೆ. ನಡೆದಾಡಲು ಹಾದಿಯೂ ಉಂಟು. ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಗಳಂತೆ ತೇಲುವುದನ್ನು ನೋಡುತ್ತ ಹೋಗಬಹುದು. ಆದರೂ ಒಂದು ವಾರ ಕಳೆಯುವುದರೊಳಗಾಗಿ ನಮಗೆ ಬೇಸರ ಬಂದಿತು. ಹೆಜ್ಜಾರ್ಲೆಯು ಎಷ್ಟೇ ಚೆಲುವಾದ ಪಕ್ಷಿಯಾದರೂ ದಿನದಿನವೂ ಹೊಸದೇನನ್ನೂ ಮಾಡುವುದಿಲ್ಲವಷ್ಟೆ. ಆಗ ನಮ್ಮ ಮಗಳು, "ಕಿವಿಗೆ ಇಯರ್‌ಬಡ್ ಹಾಕಿಕೊಂಡು ಹೋಗಿ, ದಾರಿ ಸವೆದದ್ದೇ ತಿಳಿಯುವುದಿಲ್ಲ" ಎಂದು ಸಲಹೆ ಕೊಟ್ಟಳು. ತಂತಿಯಿಲ್ಲದ ಆ ವಸ್ತುವಿಗೆ ಕಿವಿಗುಂಡಿಯೆಂದು ಹೆಸರಿಟ್ಟವರು ನಮ್ಮ ಮನೆಯವರು. ನೋಡುವುದಕ್ಕೂ ಅದು ಕೋಟಿನ ಗುಂಡಿಯಂತೆಯೇ ಇರುವುದರಿಂದ ಆ ಹೆಸರೇ ನಿಂತಿತು.

ಅಗ್ಗದಲ್ಲಿ ದೊರೆಯಬೇಕು, ಬೆವರಿಗೆ ಕೆಡಬಾರದು, ಯಶವಂತಪುರದ ಕಚೇರಿಗೆ ಹೋಗಿಬರುವಾಗಲೂ ಕೆಲಸಕ್ಕೆ ಬರಬೇಕು. ಇವಿಷ್ಟೇ ನಮ್ಮ ಅಪೇಕ್ಷೆಗಳು. ಆರ್. ಟಿ. ನಗರದ ಅಂಗಡಿಯೊಂದರಲ್ಲಿ 799 ರೂಪಾಯಿ ತೆತ್ತು ಮೊದಲನೆಯ ಜೊತೆಯನ್ನು ಕೊಂಡೆವು. ಡಬ್ಬಿಯ ಮೇಲೆ ಬಣ್ಣಬಣ್ಣದ ಅಕ್ಷರಗಳಲ್ಲಿ ಅನೇಕ ಪ್ರತಾಪಗಳು ಅಚ್ಚಾಗಿದ್ದವು. ನಲವತ್ತು ಗಂಟೆಗಳ ಕಾಲ ಹಾಡುವುದಂತೆ; ನೀರಿಗೆ ಜಗ್ಗದಂತೆ; ಸದ್ದನ್ನು ಅಡಗಿಸುವುದಂತೆ. ಅಂಗಡಿಯವನು ಎಲ್ಲಕ್ಕೂ "ಹೌದು ಸಾರ್" ಎಂದನು. ಈ ಪ್ರತಾಪಗಳ ನಿಜಾರ್ಥವು ನಮಗೆ ತಿಳಿದದ್ದು ಹಣ ಕೊಟ್ಟು ಎಷ್ಟೋ ದಿನಗಳಾದಮೇಲೆ. ಹೊಸದಾಗಿ ಕೊಳ್ಳುವ ಗೃಹಸ್ಥರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತೇವೆ.

ನಲವತ್ತು ಗಂಟೆಯೆಂಬುದು ಡಬ್ಬಿಯಲ್ಲಿ ತುಂಬಿಟ್ಟ ವಿದ್ಯುತ್ತನ್ನೂ ಕೂಡಿಸಿ ಹೇಳಿದ ಲೆಕ್ಕ. ಗುಂಡಿಯು ಕಿವಿಯಲ್ಲಿದ್ದು ಒಂದೇ ಸಮನೆ ಹಾಡುವುದು ಐದಾರು ಗಂಟೆ ಮಾತ್ರ. ಅನಂತರ ಅದನ್ನು ಡಬ್ಬಿಯೊಳಗಿಟ್ಟು ಉಣಿಸಬೇಕು. ಮೊಬೈಲಿನ ಬ್ಯಾಟರಿಯು ಐದು ಸಾವಿರ ಮಿಲಿಆಂಪಿಯರ್ ಗಂಟೆಯದಾದರೆ ಈ ಗುಂಡಿಯೊಳಗಣದು ಮೂವತ್ತು ನಲವತ್ತರದು. ಇಷ್ಟು ಸಣ್ಣ ಹೊಟ್ಟೆಯನ್ನು ದಿನಕ್ಕೆ ಹಲವು ಸಲ ತುಂಬಿ ಬರಿದುಮಾಡಿದರೆ ಅದು ಬೇಗನೆ ಸವೆಯುವುದೂ ಸಹಜವೇ. ಬದಲಾಯಿಸೋಣವೆಂದರೆ ಬಿಚ್ಚುವುದಕ್ಕೆ ತಿರುಪುಗಳಿಲ್ಲ. ಅಗ್ಗದ ಗುಂಡಿಗೆ ಎರಡು ವರ್ಷದ ಆಯುಸ್ಸೆಂದು ತಿಳಿದುಕೊಂಡೇ ಕೊಳ್ಳುವುದು ಕ್ಷೇಮ.

ನೀರಿನ ವಿಷಯ. ಡಬ್ಬಿಯ ಮೇಲೆ ಐಪಿಎಕ್ಸ್4 ಎಂದು ಬರೆದಿರುತ್ತಾರೆ. ಆ ಎಕ್ಸ್ ಅಕ್ಷರವಿರುವ ಸ್ಥಾನವು ಧೂಳಿನದು; ಧೂಳಿನ ಪರೀಕ್ಷೆಯ ಅಂಕವನ್ನು ಕೊಟ್ಟಿಲ್ಲವೆಂದು ಅದರ ಅರ್ಥ. 4 ಎಂಬುದು ಎಲ್ಲ ಕಡೆಯಿಂದಲೂ ಎರಚುವ ನೀರನ್ನು ತಡೆಯುತ್ತದೆ ಎಂಬ ಸೂಚನೆ. 7 ಇದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಡೆಯುವುದು. ನಡಿಗೆಗೂ ತುಂತುರು ಮಳೆಗೂ 4 ಧಾರಾಳವಾಗಿ ಸಾಕು. ಆದರೆ ಈ ಪರೀಕ್ಷೆಯನ್ನು ಮಾಡುವುದು ಬರಿಯ ನೀರಿನಲ್ಲಿ. ಮನುಷ್ಯನ ಬೆವರು ಉಪ್ಪುನೀರು. ನಾವು ಕೆರೆಯಿಂದ ಬಂದೊಡನೆ ಬೆವರುಗುಂಡಿಗಳನ್ನು ಹಾಗೆಯೇ ಡಬ್ಬಿಯಲ್ಲಿಟ್ಟು ಮುಚ್ಚುತ್ತಿದ್ದೆವು. ಎಂಟು ತಿಂಗಳಾಗುವುದರೊಳಗೆ ಡಬ್ಬಿಯೊಳಗಣ ಪುಟ್ಟ ಲೋಹದ ಮೊಳೆಗಳು ಹಸುರುಗಟ್ಟಿ ಎಡಗಡೆಯ ಗುಂಡಿಯು ವಿದ್ಯುತ್ತನ್ನು ಹೀರುವುದನ್ನೇ ಬಿಟ್ಟಿತು. ತಯಾರಿಸಿದವರನ್ನು ಬಯ್ಯೋಣವೆಂದು ಹೊರಟವರು, ತಪ್ಪು ಅರ್ಧಕ್ಕಿಂತ ಹೆಚ್ಚಾಗಿ ನಮ್ಮದೇ ಎಂದು ತಿಳಿದು ಸುಮ್ಮನಾದೆವು. ಒಣಬಟ್ಟೆಯಿಂದ ಒರಸುವುದಕ್ಕೆ ಅರ್ಧ ನಿಮಿಷವೂ ಬೇಕಿರಲಿಲ್ಲ.

ಏರಿಯ ಮೇಲೆ ಇನ್ನೊಂದು ವಿಚಿತ್ರವನ್ನು ಕಂಡೆವು. ಮನೆಯೊಳಗೆ ತಡೆಯಿಲ್ಲದೆ ಹಾಡುತ್ತಿದ್ದ ಗುಂಡಿಯು ಬಯಲಿಗೆ ಬಂದೊಡನೆ ಬಿಕ್ಕಳಿಸುವುದಕ್ಕೆ ಮೊದಲಾಗುತ್ತಿತ್ತು. ಬ್ಲೂಟೂತಿನ ಅಲೆಗಳನ್ನು ನಮ್ಮ ಶರೀರದಲ್ಲಿರುವ ನೀರು ಹೀರಿಕೊಳ್ಳುತ್ತದೆ. ಮನೆಯಲ್ಲಾದರೆ ಅವು ಗೋಡೆಗಳಿಗೆ ತಾಗಿ ಸುತ್ತಿ ಬಳಸಿ ಕಿವಿಯನ್ನು ಸೇರುತ್ತವೆ. ಕೆರೆಯ ಬಯಲಿನಲ್ಲಿ ಗೋಡೆಯೆಲ್ಲಿ? ಷರಾಯಿಯ ಹಿಂದಣ ಜೇಬಿನಲ್ಲಿದ್ದ ಮೊಬೈಲನ್ನು ಅಂಗಿಯ ಮೇಲುಜೇಬಿಗೆ ವರ್ಗಮಾಡಿದೆವು, ಬಿಕ್ಕಳಿಕೆ ನಿಂತಿತು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹೆರಾಲ್ಡನೆಂಬ ದೊರೆಗೆ 'ನೀಲಿ ಹಲ್ಲಿನವನು' ಎಂದು ಬಿರುದಿತ್ತಂತೆ. ಬ್ಲೂಟೂತ್ ಎಂಬ ಹೆಸರು ಬಂದದ್ದು ಅವನಿಂದ. ದೊರೆಯ ಹೆಸರನ್ನು ಹೊತ್ತರೂ ನಮ್ಮ ಹೊಟ್ಟೆಯ ನೀರನ್ನು ದಾಟಲಾರದಲ್ಲಾ ಎಂದು ನಮ್ಮ ಮನೆಯವರು ನಕ್ಕರು.

ಇಲ್ಲಿಯವರೆಗಿನದೆಲ್ಲ ಸಣ್ಣ ಮಾತು. ದೊಡ್ಡದನ್ನು ಈಗ ಹೇಳಬೇಕು.

ನಮ್ಮ ತಂದೆಯವರು ಮೂವತ್ತು ವರ್ಷ ಯಂತ್ರಶಾಲೆಯೊಂದರಲ್ಲಿ, ಲೋಹದ ಹಾಳೆಗಳನ್ನು ಬಡಿದು ಬಗ್ಗಿಸುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಕಿವಿ ಕೇಳುವುದಿಲ್ಲವೆಂದರೆ ಪೂರ್ತಿ ಸರಿಯಲ್ಲ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಕೇಳುವುದಿಲ್ಲ. ಸಕಾರ ಶಕಾರಗಳೂ ತಕಾರ ಕಕಾರಗಳೂ ಎತ್ತರದ ಶ್ರುತಿಯ, ಆದರೆ ಬಲಹೀನವಾದ ಧ್ವನಿಗಳು. ಗದ್ದಲದಿಂದ ಕೆಟ್ಟ ಕಿವಿಯು ಮೊದಲು ಕಳೆದುಕೊಳ್ಳುವುದು ಅವುಗಳನ್ನೇ. ಊಟಕ್ಕೆ ಕುಳಿತಾಗ "ಸಾರು?" ಎಂದು ಕೇಳಿದರೆ ಅವರು "ಯಾರು?" ಎಂದು ಬಾಗಿಲಿನ ಕಡೆ ನೋಡುತ್ತಾರೆ. ಮಕ್ಕಳು ನಗುತ್ತಾರೆ, ಅವರೂ ನಗುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದಾಗ ಅಲ್ಲಿಯವರು ಸಾವಧಾನದಿಂದ ತಿಳಿಸಿಕೊಟ್ಟರು: ಒಳಗಿವಿಯಲ್ಲಿ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮವಾದ ಜೀವಕೋಶಗಳಿವೆ, ದೊಡ್ಡ ಸದ್ದಿನಿಂದ ಅವು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಇದನ್ನು ಬಲ್ಲ ನಾವು ಮಾಡುತ್ತಿದ್ದುದಾದರೂ ಏನು? ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿ ಯಶವಂತಪುರಕ್ಕೆ ಹೋಗುವಾಗ ಎಂಜಿನ್ನಿನ ಗುಡುಗು, ಮೇಲುಸೇತುವೆಯ ಮೇಲಣ ಹಾರನ್ನುಗಳು, ಇವೆಲ್ಲವನ್ನೂ ಮೀರಿ ಕೀರ್ತನೆ ಕೇಳಿಸಬೇಕೆಂದು ಮೊಬೈಲಿನ ಹದಿನೈದು ಮೆಟ್ಟಲುಗಳಲ್ಲಿ ಹದಿಮೂರನೆಯದಕ್ಕೆ ಏರಿಸುತ್ತಿದ್ದೆವು. ಬಸ್ಸಿನಿಂದಿಳಿದ ಮೇಲೂ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಮನೆಯಲ್ಲಿ ಮಗಳು ಪರೀಕ್ಷೆಗೆ ಓದುವಾಗ ಪಕ್ಕದ ಮನೆ ಕಟ್ಟುವವರ ಸದ್ದು ಕೇಳಬಾರದೆಂದು ಅದೇ ಕೆಲಸವನ್ನು ಮಾಡುತ್ತಿದ್ದಳು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ಮನೆಯವರು ಅವಳನ್ನು ಏನನ್ನೋ ಕೇಳಿದರು. "ಏನಮ್ಮಾ?" ಎಂದಳು. ಮತ್ತೊಮ್ಮೆ ಕೇಳಿದಾಗಲೂ "ಏನು?" ಎಂದಳು. ಕಿವಿಯಲ್ಲಿ ಆಗ ಗುಂಡಿಯಿರಲಿಲ್ಲ. ಪಕ್ಕದಲ್ಲಿ ಅಜ್ಜ, ಅವರ ಪಕ್ಕದಲ್ಲಿ ಮೊಮ್ಮಗಳು, ಇಬ್ಬರೂ ಒಂದೇ ಬಗೆಯಾಗಿ ತಲೆಯನ್ನು ಓರೆಮಾಡಿ ಕುಳಿತಿದ್ದರು. ನಮಗೆ ತುತ್ತು ಇಳಿಯಲಿಲ್ಲ.

ಮಾರನೆಯ ದಿನವೇ ಅವಳನ್ನು ಶ್ರವಣಪರೀಕ್ಷೆಗೆ ಕರೆದುಕೊಂಡು ಹೋದೆವು. ದೈವಕೃಪೆಯಿಂದ ಶಾಶ್ವತವಾದ ಹಾನಿಯೇನೂ ಆಗಿರಲಿಲ್ಲ. ಗಂಟೆಗಟ್ಟಲೆ ಗದ್ದಲವನ್ನು ಕೇಳಿದ ಮೇಲೆ ಕಿವಿಯು ಹೀಗೆ ತಾತ್ಕಾಲಿಕವಾಗಿ ಮಂಕಾಗುವುದುಂಟೆಂದೂ ಅದನ್ನೇ ಅಭ್ಯಾಸ ಮಾಡಿಕೊಂಡರೆ ಮಂಕು ನಿಂತುಬಿಡುವುದೆಂದೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ ಒಂದು ಲೆಕ್ಕವನ್ನು ಕೊಟ್ಟಿದೆ. 80 ಡೆಸಿಬೆಲ್ಲಿನ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಅದು 90 ಆದರೆ ನಾಲ್ಕೇ ಗಂಟೆ. ಅಂಕೆಯಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿಯು ಹತ್ತರಷ್ಟಾಗುವುದರಿಂದ ಹೀಗೆ. ನಮ್ಮ ಹದಿಮೂರನೆಯ ಮೆಟ್ಟಲು ಎಷ್ಟು ಡೆಸಿಬೆಲ್ಲೋ ಗುಂಡಿಯ ಡಬ್ಬಿಯ ಮೇಲೆ ಅಚ್ಚಾಗಿರಲಿಲ್ಲ. ಅಚ್ಚಾಗಬೇಕಾಗಿದ್ದುದು ಅದೊಂದೇ ಎಂದು ನಮ್ಮ ಮತ.

ಆಮೇಲೆ ನಾವು ಕಿವಿಗುಂಡಿಯನ್ನು ಪರೀಕ್ಷಿಸುವ ಕ್ರಮವೇ ಬದಲಾಯಿತು. ಎಷ್ಟು ಜೋರಾಗಿ ಹಾಡುವುದೆಂದು ಕೇಳುವುದನ್ನು ಬಿಟ್ಟು, ಎಷ್ಟು ಮೆಲ್ಲಗೆ ಹಾಡಿದರೂ ಸ್ಪಷ್ಟವಾಗಿರುವುದೆಂದು ಕೇಳತೊಡಗಿದೆವು. ಆಗ ಕಂಡುಬಂದ ಸಂಗತಿಯು ಅತಿ ಸರಳವಾದುದು. ಡಬ್ಬಿಯ ತಳದಲ್ಲಿ ಸಿಲಿಕೋನಿನ ಪುಟ್ಟ ಟೋಪಿಗಳನ್ನು ಸಣ್ಣದು, ನಡುವಣದು, ದೊಡ್ಡದು ಎಂದು ಮೂರು ಅಳತೆಗಳಲ್ಲಿ ಕೊಟ್ಟಿರುತ್ತಾರೆ. ಗುಂಡಿಗೆ ಮೊದಲೇ ತೊಡಿಸಿರುವುದು ನಡುವಣದು. ಹೆಚ್ಚಿನವರು ಉಳಿದವನ್ನು ಮುಟ್ಟುವುದೇ ಇಲ್ಲ. ನಾವೂ ಮುಟ್ಟಿರಲಿಲ್ಲ. ಟೋಪಿಯು ಸಡಿಲವಾದರೆ ಮೃದಂಗದ ತಗ್ಗುಧ್ವನಿಯೆಲ್ಲ ಸಂದಿನಿಂದ ಸೋರಿಹೋಗುವುದು, ಬೀದಿಯ ಸದ್ದು ಅದೇ ಸಂದಿನಿಂದ ಒಳಗೆ ನುಗ್ಗುವುದು. ಆಗ ಮನುಷ್ಯನು ಮೆಟ್ಟಲನ್ನು ಏರಿಸುತ್ತಾನೆ. ನಮ್ಮ ಬಲಗಿವಿಗೆ ನಡುವಣ ಟೋಪಿಯೂ ಎಡಗಿವಿಗೆ ದೊಡ್ಡದೂ ಸರಿಹೋದವು. ಕಿವಿಗಳೆರಡೂ ಒಂದೇ ಅಳತೆಯವಲ್ಲವೆಂಬುದು ಐವತ್ತೆರಡನೆಯ ವಯಸ್ಸಿನಲ್ಲಿ ನಮಗೆ ತಿಳಿಯಿತು! ಟೋಪಿಯು ಸರಿಯಾಗಿ ಕುಳಿತಿದೆಯೇ ಎಂದು ನೋಡುವ ಬಗೆಯೂ ಸುಲಭ: ಬಾಯಿ ಬಿಟ್ಟು ಒಂದು ಮಾತನಾಡಿದರೆ ನಮ್ಮ ಸ್ವರವೇ ಗಡಿಗೆಯೊಳಗಿನಿಂದ ಬಂದಂತೆ ತಲೆಯಲ್ಲಿ ಮೊಳಗಬೇಕು. ಹದಿಮೂರು ಮೆಟ್ಟಲು ಅಂದೇ ಎಂಟಕ್ಕೆ ಇಳಿಯಿತು. ಖರ್ಚು ಒಂದು ಕಾಸೂ ಇಲ್ಲ.

ಎರಡನೆಯ ಜೊತೆಯನ್ನು ಕೊಳ್ಳುವಾಗ 1,800 ರೂಪಾಯಿ ಕೊಟ್ಟೆವು. ಹೆಚ್ಚು ಕೊಟ್ಟ ಕಾರಣವೊಂದುಂಟು. ಡಬ್ಬಿಗಳ ಮೇಲೆ ಎಎನ್‌ಸಿ, ಇಎನ್‌ಸಿ ಎಂಬ ಎರಡು ಹೆಸರುಗಳು ಅವಳಿಮಕ್ಕಳಂತೆ ಕಾಣಿಸಿಕೊಳ್ಳುತ್ತವೆ. ಎರಡನೆಯದು ನಾವು ಫೋನಿನಲ್ಲಿ ಮಾತನಾಡುವಾಗ ನಮ್ಮ ಸುತ್ತಣ ಗದ್ದಲವನ್ನು ಆಚೆಯವರಿಗೆ ಕೇಳಿಸದಂತೆ ಮಾಡುವುದು. ನಮ್ಮ ಕಿವಿಗೆ ಅದರಿಂದ ಯಾವ ಶಾಂತಿಯೂ ಇಲ್ಲ. ಮೊದಲ ಜೊತೆಯಲ್ಲಿದ್ದುದು ಅದು; ನಾವು ನಂಬಿದ್ದುದು ಇನ್ನೊಂದನ್ನು. ಎಎನ್‌ಸಿಯು ಹೊರಗಣ ಸದ್ದಿನ ಅಲೆಗೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಹುಟ್ಟಿಸಿ ಎರಡನ್ನೂ ಪರಸ್ಪರ ಅಳಿಸುತ್ತದೆ. ಎಂಜಿನ್ನಿನ ಗುಡುಗಿನಂಥ ಏಕಪ್ರಕಾರವಾದ ತಗ್ಗುಧ್ವನಿಗೆ ಇದು ಒಳ್ಳೆಯ ಔಷಧ. ಹಾರನ್ನಿಗೂ ಕಂಡಕ್ಟರನ ಕೂಗಿಗೂ ಅಷ್ಟಾಗಿ ನಾಟುವುದಿಲ್ಲ. ಇಳಿಯುವ ನಿಲ್ದಾಣವು ತಪ್ಪದಿರಲೆಂದು ದೇವರೇ ಹಾಗೆ ಮಾಡಿರಬಹುದು. ಬಸ್ಸಿನಲ್ಲಿ ಈಗ ನಮಗೆ ಏಳನೆಯ ಮೆಟ್ಟಲು ಸಾಕಾಗುತ್ತದೆ.

ಆದರೆ ಬಸ್ಸಿಗೆ ಒಳ್ಳೆಯದಾದುದು ಬೀದಿಗೆ ಒಳ್ಳೆಯದಲ್ಲ. ಎರಡೂ ಕಿವಿಗಳನ್ನು ಚೆನ್ನಾಗಿ ಮುಚ್ಚಿಕೊಂಡು ಕೆರೆಯ ಕಡೆಗೆ ಹೋಗುತ್ತಿದ್ದ ಒಂದು ಬೆಳಗ್ಗೆ, ಹಿಂದಿನಿಂದ ಬಂದ ನೀರಿನ ಟ್ಯಾಂಕರು ತೋಳಿಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಹಾರನ್ನು ಬಾರಿಸಿದನಂತೆ, ಎದುರಿಗಿದ್ದ ಹೂವಿನವಳು ಹೇಳಿ ಬಯ್ದಳು. ಅಂದಿನಿಂದ ಬೀದಿಯಲ್ಲಿ ಎಡಗಿವಿಗೆ ಒಂದೇ ಗುಂಡಿ, ಇನ್ನೊಂದು ಡಬ್ಬಿಯಲ್ಲಿ. ಒಂದರಿಂದಲೇ ಪೂರ್ಣ ಧ್ವನಿ ಬರುವಂಥದನ್ನು ಆರಿಸಿಕೊಳ್ಳುವುದೊಳ್ಳೆಯದು. ಈಗಣ ಅಗ್ಗದವುಗಳಲ್ಲಿಯೂ ಅನೇಕಕ್ಕೆ ಈ ಗುಣವುಂಟು. ಹೊರಗಣ ಸದ್ದನ್ನು ಒಳಗೆ ಬಿಡುವ ಏರ್ಪಾಡೊಂದು ನಮ್ಮ ಹೊಸ ಜೊತೆಯಲ್ಲಿದೆ; ಅದು ಮಾಡುವ 'ಸೊಯ್' ಎಂಬ ಸದ್ದಿಗಿಂತ ಬರಿಯ ಕಿವಿಯೇ ಮೇಲು. ಬಲಗಿವಿಗೆ ಈಗ ಜಕ್ಕೂರಿನ ವಿಮಾನದಾಣದಿಂದೇಳುವ ಪುಟ್ಟ ವಿಮಾನಗಳ ಸದ್ದೂ, ಹೆಜ್ಜಾರ್ಲೆಯು ನೀರಿಗಿಳಿಯುವ ಸದ್ದೂ ಕೇಳುತ್ತವೆ.

ಕೆಟ್ಟ ಹಳೆಯ ಜೊತೆಯನ್ನು ಕಸದ ಬುಟ್ಟಿಗೆ ಹಾಕಬಾರದು. ಒಳಗಣ ಲಿಥಿಯಂ ಬೆಂಕಿ ಹತ್ತೀತು. ವಿದ್ಯುನ್ಮಾನ ತ್ಯಾಜ್ಯವನ್ನು ಕೊಳ್ಳುವವರಿಗಾಗಿ ಎತ್ತಿಟ್ಟಿದ್ದೇವೆ.

ಮೊನ್ನೆ ಭಾನುವಾರ ತಂದೆಯವರು ಹೊಸ ಗುಂಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದರಲ್ಲಿ ನನಗೆ ಕೇಳಿಸೀತೇ?" ಎಂದರು. ದೊಡ್ಡ ಟೋಪಿಯನ್ನು ತೊಡಿಸಿ ಅವರ ಕಿವಿಗಿಟ್ಟು ಕಚೇರಿಯೊಂದನ್ನು ಹಾಕಿ ಮೆಟ್ಟಲು ಮೆಟ್ಟಲಾಗಿ ಏರಿಸುತ್ತ ಬಂದೆವು. ಹನ್ನೊಂದರಲ್ಲಿ ಅವರ ಬೆರಳುಗಳು ತೊಡೆಯ ಮೇಲೆ ತಾಳ ಹಾಕಿದವು. "ಮೃದಂಗ ಬರುತ್ತಿದೆ" ಎಂದರು, ಸ್ವಲ್ಪ ಹೊತ್ತಾದ ಮೇಲೆ, "ಪಿಟೀಲಿನವರು ಬಂದಿಲ್ಲವೋ?" ಎಂದು ಕೇಳಿದರು. ಪಿಟೀಲು ನುಡಿಯುತ್ತಲೇ ಇದ್ದಿತು. ಮಗಳು ನಮ್ಮ ಮುಖವನ್ನು ನೋಡಿದಳು. ಅವರು ಕಳಚಿಕೊಟ್ಟ ಗುಂಡಿಯನ್ನು ತಾನೇ ಒರಸಿ ಡಬ್ಬಿಯಲ್ಲಿಟ್ಟು, ತನ್ನ ಮೊಬೈಲನ್ನು ತೆಗೆದು ಮೆಟ್ಟಲನ್ನು ಎರಡು ಇಳಿಸಿದಳು.