ಆಯಿಯ ಹಾಲಿನ ಕಾರ್ಡು

2008ರ ಚಳಿಗಾಲ. ಕಣಗಲಾದ ಒಂದು ಹಾಲಿನ ಡೇರಿಗೆ ಪಿಎಚ್‌ಪಿಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಾರು ಯಾವ ಹೊತ್ತಿಗೆ ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಒಂದೊಂದಕ್ಕೂ ಟೇಬಲ್ಲಿನಲ್ಲಿ ಒಂದೊಂದು ಸಾಲು. ಹತ್ತು ದಿನಕ್ಕೊಮ್ಮೆ ಬಿಲ್ಲು.

ಬಿಲ್ಲಿನ ಹಿಂದಿನ ಸಂಜೆ ನೋಡಿದರೆ ಒಬ್ಬ ಆಯಿಯ ಹಾಲು ಎರಡು ಸಲ ಏರಿತ್ತು. ಒಂದು ಸಾಲು ತೆಗೆಯಬೇಕು. ಅದಕ್ಕೆಂದೇ ಒಂದು ಫಂಕ್ಷನ್ ಇತ್ತು. ಸಾಲಿನ ನಂಬರ್ ಕೊಟ್ಟರೆ ‘ಡಿಲೀಟ್’ ಆದೇಶಕ್ಕೆ ‘ವೇರ್’ ಎಂಬ ಷರತ್ತು ಸೇರಿಸುತ್ತಿತ್ತು. ನಂಬರ್ ಖಾಲಿ ಬಂದರೆ ಷರತ್ತು ಬಿಟ್ಟು ಮುಂದೆ ಹೋಗುತ್ತಿತ್ತು. ಹಾಗೆ ಬರೆದವನು ನಾನೇ. ಆ ಸಂಜೆ ನಂಬರ್ ಖಾಲಿ ಹೋಯಿತು. ಟೇಬಲ್ಲಿನಲ್ಲಿ ಒಂದು ಸಾಲೂ ಉಳಿಯಲಿಲ್ಲ.

‘ರೋಲ್‌ಬ್ಯಾಕ್’ ಕೊಟ್ಟೆ. ಏನೂ ಮರಳಲಿಲ್ಲ. ನನ್ನ ಮೈಎಸ್‌ಕ್ಯೂಎಲ್ ಟೇಬಲ್ಲು ಮೈಐಸ್ಯಾಮ್ ಮಾದರಿಯದು, ಅದರಲ್ಲಿ ಟ್ರಾನ್ಸಾಕ್ಷನ್ ಇಲ್ಲ, ಅಳಿದದ್ದು ಅಳಿದಂತೆಯೇ. ಆ ಸೌಲಭ್ಯವಿರುವ ಇನ್ನೋಡಿಬಿಯನ್ನು ಮೈಎಸ್‌ಕ್ಯೂಎಲ್ ತಾನಾಗಿಯೇ ಬಳಸತೊಡಗಿದ್ದು 2010ರ 5.5ನೇ ಆವೃತ್ತಿಯಿಂದ. ನನ್ನ ಬಳಿ ಇದ್ದ ಬ್ಯಾಕಪ್ ಹಿಂದಿನ ಬಿಲ್ಲಿನ ದಿನದ್ದು.

ಗಂಟಲು ಕಟ್ಟಿತ್ತು. “ಕಾಕಾ, ಹತ್ತು ದಿನದ ಲೆಕ್ಕ ಹೋತ್ರಿ” ಎಂದೆ. ಕಾರ್ಯದರ್ಶಿ ಕಾಕಾ ಸುಮ್ಮನೆ ನನ್ನ ಮುಖ ನೋಡಿದರು. “ಹಾಲು ಹಾಕಿದವರ ಕೈಯಾಗ ಕಾರ್ಡ್ ಅದಾವಲ್ಲೋ ತಮ್ಮಾ. ನಸುಕಿನ್ಯಾಗ ಬಾ.”

ನಸುಕಿನಲ್ಲಿ ಡೇರಿಯ ಮುಂದೆ ಕಬ್ಬಿನ ರವದಿಯ ಬೆಂಕಿ ಉರಿಯುತ್ತಿತ್ತು. ಕ್ಯಾನು ಇಳಿಸಿದವರು ಬೆಂಕಿ ಕಾಯಿಸುತ್ತ ಕೂತರು. ಒಬ್ಬೊಬ್ಬರ ಕಾರ್ಡನ್ನು ಕಾಕಾ ಓದಿ ಹೇಳಿದರು, ನಾನು ಏರಿಸಿದೆ. ಯಾರೂ ಬೈಯಲಿಲ್ಲ. ಕೊನೆಗೆ ಆಯಿ ಬಂದು ಸೆರಗಿನ ಗಂಟು ಬಿಚ್ಚಿ ಕಾರ್ಡು ಕೊಟ್ಟರು. “ಅವತ್ತ ಸಂಜೀದು ಎರಡ ಲೀಟರ್ ಅಷ್ಟ ಐತಿ. ಒಮ್ಮೆ ಬರಕೊ ಮಗಾ.” ತಪ್ಪು ಲೆಕ್ಕದಿಂದ ಬರಬಹುದಾಗಿದ್ದ ಹಣ ಅವರಿಗೆ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಲ್ಲು ಸಿದ್ಧವಾಯಿತು.

ಅಂದಿನಿಂದ ಸಾಲು ಅಳಿಸಲೆಂದು ನಾನು ಬರೆಯುವ ಫಂಕ್ಷನ್ನುಗಳಿಗೆ ನಾಲ್ಕು ಕಟ್ಟುಗಳಿವೆ: ನಂಬರ್ ಖಾಲಿಯಿದ್ದರೆ ಅಲ್ಲೇ ನಿಲ್ಲಬೇಕು, ಎಷ್ಟು ಸಾಲು ಹೋಗುತ್ತದೆಂದು ಮೊದಲು ಎಣಿಸಬೇಕು, ಟ್ರಾನ್ಸಾಕ್ಷನ್ ಒಳಗೇ ಅಳಿಸಬೇಕು, ಎಣಿಕೆ ತಾಳೆಯಾಗದಿದ್ದರೆ ಹಿಂದೆ ಸರಿಯಬೇಕು. ಬ್ಯಾಕಪ್ ದಿನಾ ರಾತ್ರಿ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ತಮ್ಮ ತಂಗಿಯರೇ, ಆ ಟೇಬಲ್ಲಿನ ಪ್ರತಿ ಸಾಲೂ ಯಾರೋ ನಸುಕಿನಲ್ಲೋ ಸಂಜೆಯೋ ಕರೆದ ಹಾಲು. ಎಣಿಸದೆ ಅಳಿಸಬೇಡಿ.