ಇಂಗ್ಲಿಷ್ ವಾಕ್ಯದ ಎಡ–ಬಲ

ಮೊನ್ನೆ ಐದನೇ ತರಗತಿಯ ಮೊಮ್ಮಗಳು ಇಂಗ್ಲಿಷ್ ಹೋಂವರ್ಕ್ ಹಿಡಿದು ಬಂದಳು. ಚೆಲ್ಲಾಪಿಲ್ಲಿಯಾಗಿದ್ದ ಪದಗಳನ್ನು ಜೋಡಿಸಿ ವಾಕ್ಯ ಮಾಡಬೇಕಿತ್ತು. ಅವಳು ‘ದಿ ಮ್ಯಾಂಗೋ ಈಟ್ಸ್ ರವಿ’ ಎಂದು ಬರೆದಿದ್ದಳು.

“ಮಾವಿನಹಣ್ಣೇ ರವಿಯನ್ನ ತಿಂದುಬಿಡ್ತಲ್ಲೇ!” ಎಂದೆ.

ಅವಳು ನಗಲಿಲ್ಲ. “ಕನ್ನಡದಲ್ಲಿ ‘ಮಾವಿನಹಣ್ಣನ್ನ ರವಿ ತಿಂತಾನೆ’ ಅಂದ್ರೆ ಸರಿ ತಾನೇ ತಾತ? ಇಂಗ್ಲಿಷಲ್ಲಿ ಮಾತ್ರ ಯಾಕೆ ತಪ್ಪು?” ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಶಾಲೆಯಲ್ಲಲ್ಲ, ಬ್ಯಾಂಕಿನಲ್ಲಿ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದವನು. ಬಿ.ಕಾಂ. ಅನ್ನು ಇಂಗ್ಲಿಷಿನಲ್ಲಿ ಉರುಹೊಡೆದೇ ಪಾಸು ಮಾಡಿದ್ದೆ. 1970ರ ದಶಕದಲ್ಲಿ ಸಣ್ಣ ಊರೊಂದರ ಶಾಖೆಯಲ್ಲಿ ಗುಮಾಸ್ತನಾಗಿ ಸೇರಿದೆ. ಅಲ್ಲಿಗೆ ಒಬ್ಬ ಅಜ್ಜಿ ಬಂದರು. ತೀರಿಕೊಂಡ ಯಜಮಾನರ ಉಳಿತಾಯ ಖಾತೆಯಲ್ಲಿ 850 ರೂಪಾಯಿ ಇತ್ತು. ಅದನ್ನು ಅವರಿಗೆ ಕೊಡಲು ಮೇಲಿನ ಕಚೇರಿಯ ಒಪ್ಪಿಗೆ ಬೇಕಿತ್ತು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ತಲೆಯಲ್ಲಿದ್ದದ್ದು ಕನ್ನಡ: ‘ಈ ಹೆಂಗಸಿಗೆ ಬ್ಯಾಂಕು 850 ರೂಪಾಯಿ ಕೊಡಬೇಕಾಗಿದೆ.’ ಹೆಂಗಸು ಮೊದಲು, ಬ್ಯಾಂಕು ಆಮೇಲೆ. ಅದೇ ಸಾಲಿನಲ್ಲಿ ಇಂಗ್ಲಿಷಿಗಿಳಿಸಿದೆ: ‘ದಿಸ್ ಲೇಡಿ ಓಸ್ ದಿ ಬ್ಯಾಂಕ್ 850 ರುಪೀಸ್.’ ಕೆಲಸದ ಗಡಿಬಿಡಿಯಲ್ಲಿ ಅದರ ಮೇಲೆ ಸಹಿಯೂ ಬಿತ್ತು. ಹತ್ತು ದಿನದ ಮೇಲೆ ಉತ್ತರ ಬಂತು: ‘ಈ ಬಾಕಿಯನ್ನು ಯಾವಾಗ ವಸೂಲು ಮಾಡುತ್ತೀರಿ?’

ನನ್ನ ಹೆಡ್‌ಕ್ಲರ್ಕ್ ಬೈಯಲಿಲ್ಲ. ಲೆಡ್ಜರ್ ತೆರೆದು ಕೇಳಿದರು: “850ನ್ನ ಎಡಗಡೆ ಬರೆದ್ರೆ ಏನಯ್ಯಾ?”

“ಡೆಬಿಟ್ ಸಾರ್.”

“ಬಲಗಡೆ ಬರೆದ್ರೆ?”

“ಕ್ರೆಡಿಟ್.”

“ಅಂಕಿ ಅದೇ, ಜಾಗ ಬೇರೆ. ಇಂಗ್ಲಿಷ್ ವಾಕ್ಯವೂ ಹಾಗೇ ಕಣಯ್ಯಾ.”

ಮೂರು ವರ್ಷದ ಕಾಲೇಜಿನಲ್ಲಿ ತಲೆಗೆ ಹೋಗದ್ದು ಆ ಒಂದು ಮಾತಿನಲ್ಲಿ ಹೋಯಿತು.

ಕನ್ನಡದ ಪದ ತನ್ನ ಗುರುತಿನ ಬಿಲ್ಲೆಯನ್ನು ಕೊರಳಿಗೇ ಕಟ್ಟಿಕೊಂಡಿರುತ್ತದೆ. ‘ಹಣ್ಣನ್ನು’ ಎಂಬುದರ ‘ಅನ್ನು’, ‘ಹೆಂಗಸಿಗೆ’ ಎಂಬುದರ ‘ಗೆ’ ಅಂಥ ಬಿಲ್ಲೆಗಳು. ಪದ ಎಲ್ಲಿ ಕೂತರೂ ಯಾರು ಯಾರೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಹೀ’, ‘ಹಿಮ್’ನಂಥ ಕೆಲವು ಸರ್ವನಾಮಗಳು ಮಾತ್ರ ರೂಪ ಬದಲಿಸುತ್ತವೆ. ರವಿಗೂ ಮಾವಿಗೂ ಜಾಗವೇ ಗುರುತು: ಕರ್ತೃ ಎಡಕ್ಕೆ, ಕ್ರಿಯಾಪದ ನಡುವೆ, ಕರ್ಮ ಬಲಕ್ಕೆ. ನಮ್ಮ ಕ್ರಿಯಾಪದವೋ ಮನೆಯ ಹಿರಿಯರಂತೆ, ಎಲ್ಲರೂ ಕೂತ ಮೇಲೆ ಕೊನೆಗೆ ಬರುತ್ತದೆ.

ಇನ್ನೊಂದು ವಿಷಯ. ನಾವು ‘ಬಂದೆನು’ ಎಂದರೆ ಸಾಕು, ಬಂದವನು ನಾನೇ ಎಂದು ಗೊತ್ತಾಗುತ್ತದೆ. ಇಂಗ್ಲಿಷಿನ ‘ಕೇಮ್’ ಯಾರದ್ದಾದರೂ ಆಗಬಹುದು. ಆದ್ದರಿಂದ ಆಜ್ಞೆ ಮಾಡುವಂಥ ಕಡೆ ಬಿಟ್ಟರೆ ಕರ್ತೃ ಇರಲೇಬೇಕು. ಮಳೆ ಬಂದರೂ ‘ಇಟ್’ ಎಂಬುದೊಂದನ್ನು ಎಡಗಡೆ ಕೂರಿಸಿ, ‘ಇಟ್ ಈಸ್ ರೇನಿಂಗ್’ ಎನ್ನುತ್ತಾರೆ. ಹಾಗೆಯೇ ‘ಇವಳು ನನ್ನ ಮೊಮ್ಮಗಳು’ ಎಂಬಲ್ಲಿ ನಮಗೆ ಕ್ರಿಯಾಪದವೇ ಬೇಡ. ಅವರಿಗೆ ‘ಈಸ್’ ಇಲ್ಲದೆ ವಾಕ್ಯ ನಿಲ್ಲದು.

ತಿದ್ದಿದ ಪತ್ರ ಹೋಗಿ ಒಪ್ಪಿಗೆ ಬರುವಷ್ಟರಲ್ಲಿ ಆ ಅಜ್ಜಿ ಹಳ್ಳಿಯಿಂದ ಮೂರು ಸಲ ಬಸ್ಸಿನಲ್ಲಿ ಬಂದು ಬರಿಗೈಯಲ್ಲಿ ಹೋಗಿದ್ದರು. ಕೊನೆಗೆ ಹಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಾ, “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ” ಎಂದರು. ತಡವಾದದ್ದು ನನ್ನಿಂದಲೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕಥೆ ಕೇಳಿದ ಮೊಮ್ಮಗಳು ರಬ್ಬರ್ ತೆಗೆದುಕೊಂಡು ರವಿಯನ್ನು ಎಡಕ್ಕೆ, ಮಾವನ್ನು ಬಲಕ್ಕೆ ಕೂರಿಸಿದಳು. ಆಮೇಲೆ ಕೇಳಿದಳು: “ಆ ಅಜ್ಜಿಗೆ ಸಾರಿ ಹೇಳಲೇ ಇಲ್ವಾ ತಾತ?”

ಇಲ್ಲ ಮಗಳೇ. ಅದಕ್ಕೇ ಇವತ್ತಿಗೂ ಇಂಗ್ಲಿಷಿನಲ್ಲಿ ಏನೇ ಬರೆದರೂ, ಯಾರು ಯಾರಿಗೆ ಕೊಡಬೇಕು ಎಂದು ಇನ್ನೊಮ್ಮೆ ಓದಿಯೇ ಪೆನ್ನಿನ ಕ್ಯಾಪ್ ಹಾಕುತ್ತೇನೆ.