ಸೇವೆಯ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಸೇವಾಸಂಸ್ಥೆಗಳ ಆರೋಗ್ಯ ಶಿಬಿರಗಳಿಗೆ ನಮ್ಮನ್ನು ಕರೆಯುವುದುಂಟು. ಎಷ್ಟು ಜನ ಬಂದರು, ಎಷ್ಟು ಗುಳಿಗೆ ಹಂಚಿದೆವು ಎಂಬ ವರದಿಯನ್ನು ತಪ್ಪದೆ ಓದುತ್ತಾರೆ. ಯಾರ ರಕ್ತಹೀನತೆ ನೀಗಿತು, ಯಾವ ಬಾಲೆಯ ಮದುವೆ ನಿಂತಿತು ಎಂದು ಕೇಳಿದರೆ ವೇದಿಕೆಯಲ್ಲಿ ಮೌನ.

ಬೆಳೆಯದ ಒಡಲಿನ ಬಸಿರು ತಾಯಿ, ಕೂಸು ಇಬ್ಬರಿಗೂ ಕುತ್ತು. ಇದನ್ನರಿತ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ ‘ಸಮತಾ’ ಎಂಬ ಕಾರ್ಯವನ್ನು ನಡೆಸಿತು. ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳು ಪ್ರೌಢಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶ. 80 ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ 40ನ್ನು ಆರಿಸಿ ಕೆಲಸ ಮಾಡಿದರು. ಉಳಿದ 40ನ್ನು ಹೋಲಿಕೆಗೆಂದು ಬಿಟ್ಟರು. ಫಲವೇನು? ಒಟ್ಟಾರೆ ನೋಡಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ. ಶಾಲೆ ಬಿಟ್ಟವರು ಎರಡೂ ಕಡೆ ಎಣಿಸಿದ್ದಕ್ಕಿಂತ ಕಡಿಮೆಯಿದ್ದರು. ಇದನ್ನು ಮುಚ್ಚಿಡದೆ ಪ್ರಕಟಿಸಿದರು.

ಹೋಲಿಕೆಯ ಹಳ್ಳಿಗಳಿಲ್ಲದಿದ್ದರೆ ಅದೆಲ್ಲ ತಮ್ಮದೇ ಸಾಧನೆಯೆಂದು ಡಂಗುರ ಹೊಡೆಯಬಹುದಿತ್ತು. ಹಣವೂ ಅದೇ ದಾರಿಯಲ್ಲಿ ಹರಿಯುತ್ತಿತ್ತು. ನಮ್ಮ ತಾಲ್ಲೂಕುಗಳಿಗೂ ಇಂಥ ಎಣಿಕೆ ಬೇಕೆಂದರೆ ದಾನಿಗಳು ಹಿಂಜರಿಯುತ್ತಾರೆ. ಶಿಬಿರದ ಬ್ಯಾನರಿಗಾದರೆ ಕೊಡುತ್ತಾರೆ. ಮಠದ ಉಗ್ರಾಣದಲ್ಲಿ ಒಂದು ಸೇರು ಜೋಳಕ್ಕೂ ಲೆಕ್ಕ ಬರೆಯುವುದನ್ನು ಕಂಡು ಬೆಳೆದ ನಮಗೆ ಇದು ಸೋಜಿಗ.